ಐದು ಜನ, ನಾಲ್ಕು ಗಾಳ

ಎಮರಾಲ್ಡಿನ ಮೊದಲ ಬಸ್ಸಿಳಿದಾಗಲೇ
ಭೋಜ ಹೇಳಿದ್ದ: ಇವತ್ತು ಬೇಡ.
ಗಾಳಿ ಪಡುವಣದ್ದು, ನೀರು ಕೆಂಪು,
ಮೇಲಿನ ಅಣೆಕಟ್ಟಿನ ಬಾಗಿಲು ರಾತ್ರಿಯೇ ಎತ್ತಿದ್ದಾರಂತೆ.
ಪರ್ಮಿಟ್ಟಿಗೆ ದುಡ್ಡು ಕಟ್ಟಾಗಿದೆಯಲ್ಲಪ್ಪ,
ಅಂದ ಇನ್ನಾಸಿ. ಅಲ್ಲಿಗೆ ಮಾತು ಮುಗಿಯಿತು.

ಐದು ಜನ. ಗಾಳ ನಾಲ್ಕು.
ಸೇವಣನದ್ದನ್ನು ಅವನ ಮೊಮ್ಮಗಳು
ಬಾಗಿಲಿಗೆ ಸಿಕ್ಕಿಸಿ ಮುರಿದಿದ್ದಳು.

ನೊಣ ಕಟ್ಟುವುದು ನನ್ನ ಕೆಲಸ.
ಹುಂಜದ ಕತ್ತಿನ ಎರಡು ಗರಿ,
ಧಾರೆ ಸೀರೆಯ ಸೆರಗಿಂದ ಬಿಚ್ಚಿದ ಜರಿ,
ಹಳೇ ಸ್ವೆಟರಿನ ಕಂದು ಉಣ್ಣೆ.
ಕೊಕ್ಕೆ ಮುಚ್ಚುವಷ್ಟು ಸುಳ್ಳು ಸಾಕು,
ಜಾಸ್ತಿಯಾದರೆ ಟ್ರೌಟಿಗೇ ನಗು.

ಅವಲಾಂಚಿಯ ದಡ ಸೇರುವ ಹೊತ್ತಿಗೆ ಮಂಜು,
ಯಾರೋ ಹಾಲಿನ ಕ್ಯಾನು ಒದ್ದುರುಳಿಸಿದ ಹಾಗೆ.
ಮೊದಲು ಆಚೆ ದಡ ಹೋಯಿತು,
ಆಮೇಲೆ ನೀರು,
ಆಮೇಲೆ ಸಿದ್ದಮಲ್ಲುವಿನ ಟೋಪಿ,
ಕೊನೆಗೆ ನನ್ನದೇ ಗಾಳದ ತುದಿ.

ಇಪ್ಪತ್ತೆರಡು ವರ್ಷ ಕತ್ತಲಲ್ಲಿ ದುಡಿದವರು ನಾವು.
ಫಿಲ್ಮ್ ಫ್ಯಾಕ್ಟರಿಯ ಕಟಿಂಗ್ ರೂಮು,
ಕೆಂಪು ದೀಪವೂ ಇಲ್ಲದ ಕಪ್ಪು.
ಯಾರ ಚಪ್ಪಲಿ, ಯಾರ ಕೆಮ್ಮು, ಯಾರ ತಲೆಯೆಣ್ಣೆ,
ಅಷ್ಟರಲ್ಲೇ ಆಳು ಗುರುತು.
ಎದುರುಬದುರಾದರೆ ನಾಲಿಗೆಯಿಂದ
ಲೊಚಕ್ ಎಂದೊಂದು ಸದ್ದು: ಎಡಕ್ಕೆ ಸರಿ.
ಊರವರ ಮದುವೆ ಫೋಟೋಗಳಿಗೆಲ್ಲ
ಬೆಳಕು ತಾಕದ ಸುರುಳಿ ಕತ್ತರಿಸಿ ಕೊಟ್ಟೆವು.
ಕತ್ತಲೆ ಗೊತ್ತು ನಮಗೆ.
ಈ ಬಿಳುಪು ಗೊತ್ತಿರಲಿಲ್ಲ.

ದಾರ ಬೀಸಿದರೆ ಗಾಳಿ ಅದನ್ನು ಮಡಚಿ
ನಮ್ಮ ಕೈಗೇ ಕೊಡುತ್ತಿತ್ತು, ಸಹಿಯಿಲ್ಲದ ಅರ್ಜಿಯಂತೆ.
ಇನ್ನಾಸಿಯ ನೊಣ ಭೋಜನ ಶಾಲು ಕಚ್ಚಿತು.
ದೊಡ್ಡದು ಬಿತ್ತು ದೊಡ್ಡದು, ಎಂದು ಕಿರುಚಿ ಎಳೆದ.
ಆ ದೊಡ್ಡದು ಬಡಗದಲ್ಲಿ ಬೈದದ್ದು
ಇಲ್ಲಿ ಬರೆಯುವಂಥದ್ದಲ್ಲ.
ಬೇಟೆ ಸಿಕ್ಕಿದ್ದು ಜಿಗಣೆಗಳಿಗೆ ಮಾತ್ರ.

ಮಧ್ಯಾಹ್ನದ ಮೇಲೆ ಬೆರಳುಗಳು ನಮ್ಮವಾಗಿರಲಿಲ್ಲ.
ಫ್ಲಾಸ್ಕಿನ ಕೊನೇ ಚಹಾ ಐದು ಪಾಲು,
ಮುಚ್ಚಳದ ತಳ ನೆನೆಯುವಷ್ಟು.
ನಾಲ್ಕು ಪಾಲು ಖಾಲಿಯಾಯಿತು.
ಮಲ್ಲೂ, ಅಂದೆವು. ಸಿದ್ದಮಲ್ಲೂ.
ಕೂಗು ಹತ್ತಿಯಲ್ಲಿ ಚುಚ್ಚಿದ ಸೂಜಿ.
ನೀರಿನ ಸದ್ದು ಬೆಳಿಗ್ಗೆಗಿಂತ ಹತ್ತಿರ ಬಂದಿತ್ತು.

ಆಗ ಸೇವಣ,
ಬೆಳಗಿನಿಂದ ಬುತ್ತಿಚೀಲ ಕಾಯುತ್ತ ಕೂತವನು,
ಕಣ್ಣು ಮುಚ್ಕೊಳ್ಳಿ, ಅಂದ.
ಯಾಕೆ?
ಮುಚ್ಕೊಳ್ಳಿ. ಕಪ್ಪಾಗಲಿ.

ಕಪ್ಪಾಯಿತು. ಕೈಕಾಲಿಗೆ ಬುದ್ಧಿ ಬಂತು.
ಎಡಗಡೆ ಇನ್ನಾಸಿಯ ಬೀಡಿ, ಹಿಂದೆ ಭೋಜನ ಒದ್ದೆ ಉಣ್ಣೆ,
ಕಾಲಡಿ ಹುಲ್ಲು ಎತ್ತ ಇಳಿಜಾರು ಎಂಬುದೂ.
ಸೇವಣ ನಾಲಿಗೆ ಆಡಿಸಿದ:
ಲೊಚಕ್.
ಕಾದೆವು.
ಬಲಕ್ಕೆ, ಕೆಳಗೆ, ಇಪ್ಪತ್ತು ಮಾರಿನಾಚೆ,
ಲೊಚಕ್.

ಒಬ್ಬರ ಗಾಳದ ಬುಡ ಇನ್ನೊಬ್ಬರು ಹಿಡಿದು
ಕಣ್ಣು ಮುಚ್ಚಿಯೇ ಇಳಿದೆವು.
ಬಂಡೆಯ ಮೇಲಿದ್ದ. ಸುತ್ತ ನೀರು ಏರಿತ್ತು.
ಗಾಳದ ಕೋಲು ಚಾಚಿದರೆ ಹಿಡಿಯುವುದಿಲ್ಲ,
ಎರಡೂ ಕೈ ಎದೆಗೆ ಅವುಚಿಕೊಂಡಿದ್ದಾನೆ,
ಅಂಗಿಯೊಳಗೆ ಏನೋ ಒದೆಯುತ್ತಿದೆ.

ಗೇಣಿಗಿಂತ ಎರಡು ಬೆರಳು ಕಮ್ಮಿ.
ಮೈತುಂಬ ಚುಕ್ಕಿ, ತುಟಿಯಲ್ಲಿ ನನ್ನ ಜರಿ.
ಅಳತೆಗೆ ಸಾಲದು ಅಂತ ಗೊತ್ತಿತ್ತು ಕಣಕ್ಕ,
ನಿಮಗೊಂದು ಸಲ ತೋರಿಸೋಣ ಅಂತ, ಅಂದ,
ಹಲ್ಲು ಕಟಕಟ.
ಬೈಯಲು ಬಾಯಿ ತೆರೆದ ಭೋಜ
ಮೀನಿನ ತಲೆ ಸವರಿದ.
ಬಿಟ್ಟೆವು. ಒಂದು ಗಳಿಗೆ ಅದು ಹೋಗಲಿಲ್ಲ,
ಬೆರಳುಗಳ ನಡುವೆಯೇ ನಿಂತು ಉಸಿರಾಡಿತು.

ಚೆಕ್‌ಪೋಸ್ಟಿನ ವಾಚರ್ ರಿಜಿಸ್ಟರ್ ತೆರೆದು
ಎಷ್ಟು? ಅಂದ.
ಭೋಜ ನಮ್ಮನ್ನು ಎಣಿಸುತ್ತಿದ್ದ, ಎರಡನೇ ಸಲ.
ಐದು, ಅಂದ.
ವಾಚರ್ ಚೀಲ ನೋಡಿದ, ನಮ್ಮ ಮುಖ ನೋಡಿದ,
ಸೊನ್ನೆ ಬರೆದ.

ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು.