ಹೆಸರಿಲ್ಲದ ಬಟನ್

ಘಾಟ್ಕೋಪರ್ ಸ್ಟೇಷನ್ನಿನ ಪಶ್ಚಿಮಕ್ಕೆ, ಹಿಟ್ಟಿನ ಗಿರಣಿಯ ಮೇಲೆ
ಎರಡನೇ ಮಾಳಿಗೆ. ಮೆಟ್ಟಿಲಿಗೂ ಕೀಬೋರ್ಡಿಗೂ ಒಂದೇ ಗೋಧಿ ಧೂಳು.
ಸಂಜೆ ಏಳರ ಕ್ಲಾಸು. ಹನ್ನೊಂದು ಹುಡುಗರು, ಮತ್ತೆ ನಾನು,
ಐವತ್ತಮೂರರ ಬೋರ್ಡ್ ಪೇಂಟರ್ ಚನಮಲ್ಲಪ್ಪ.
ಫ್ಲೆಕ್ಸ್ ಬಂದು ಬ್ರಷ್ಷೆಲ್ಲ ಟಿನ್ನಿನಲ್ಲೇ ಗಟ್ಟಿಯಾದವು;
ಉಗುರ ಸಂದಿಯ ಹಸಿರು ಮಾತ್ರ
ಸೀಮೆಎಣ್ಣೆಗೂ ಹೋಗಿಲ್ಲ.

ಕಲಿಸುವಾಕೆ ಶ್ರಾವಣಿ ಗಾವಡೆ, ನನ್ನ ಏಣಿಗಿಂತ ಚಿಕ್ಕವಳು.
‘ಕಾಕಾ, ಇದು ಮಾರ್ಜಿನ್, ಇದು ಪ್ಯಾಡಿಂಗ್’ ಅಂದಳು.
ನಗು ಬಂತು.
ದಾರಕ್ಕೆ ಸುಣ್ಣದ ಪುಡಿ ಸವರಿ, ತಗಡಿನ ಮೇಲೆ ಚಿಟ್ಟೆಂದು ಬಿಟ್ಟು
ಮೂವತ್ತು ವರ್ಷ ಗೆರೆ ಹಾಕಿದವನಿಗೆ
ಖಾಲಿ ಜಾಗದ ಬೆಲೆ ಹೇಳಬೇಕೆ?
ಗಿರಾಕಿಗಳು ಅಕ್ಷರಕ್ಕಿಷ್ಟು ಎಂದು ಕೊಟ್ಟರು,
ಅಕ್ಷರದ ನಡುವಿನ ಉಸಿರಿಗೆ ಯಾರೂ ಕೊಡಲಿಲ್ಲ.

ಆದರೆ ಇಲ್ಲಿ ಬಣ್ಣಕ್ಕೆ ವಾಸನೆಯಿಲ್ಲ,
ಒಣಗಲೆಂದು ಬೀಡಿ ಹಚ್ಚಿ ಕೂರುವ ಹಾಗಿಲ್ಲ.
ತೆರೆದ ಕೊಕ್ಕೆಯೊಂದನ್ನು ಮುಚ್ಚಲು ಮರೆತರೆ
ಇಡೀ ಪುಟ ಕುಡಿದವನಂತೆ ಪಕ್ಕಕ್ಕೆ ವಾಲುತ್ತದೆ;
ಹುಡುಗರಲ್ಲೊಬ್ಬ ಎದ್ದು ಬಂದು
ಒಂದೇ ಬೆರಳಲ್ಲಿ ನೆಟ್ಟಗೆ ನಿಲ್ಲಿಸುತ್ತಾನೆ.

ಮೊದಲ ಕೆಲಸ: ಗೊತ್ತಿರುವ ಯಾರಿಗಾದರೂ ಒಂದು ವೆಬ್‌ಸೈಟ್.
ವಿಕ್ರೋಳಿಯ ಬಬನ್ ಮಾಸ್ತರನ ಜಯಘೋಷ ಬ್ರಾಸ್ ಬ್ಯಾಂಡಿಗೆ ಮಾಡಿದೆ.
ಅವನ ಗಾಡಿ ಬರೆದವನೂ ನಾನೇ.
ಕಡುಗೆಂಪು, ಚಿನ್ನದಂಚು, ಪ್ರತಿ ಅಕ್ಷರಕ್ಕೂ ನೆರಳು;
ಫೋನ್ ನಂಬರನ್ನು ಕೈಯಾರೆ ಬರೆದು, ಫೋಟೋ ಹೊಡೆದು ಏರಿಸಿದೆ.
ಅಂಥ 8 ಈ ಊರಲ್ಲಿ ಇನ್ನೊಬ್ಬ ಬರೆಯಲಾರ:
ಕೆಳಹೊಟ್ಟೆ ತುಸು ದೊಡ್ಡದು,
ಗಾದಿಯ ಮೇಲೆ ಕೂತ ಸೇಠನ ಹಾಗೆ.

ಗುರುವಾರ ತಾಂಬೋಳಿ ಸಾಹೇಬರು ಬಂದರು,
ಬ್ಯಾಂಕಿನ ಹಳೆಯ ಟೆಲಿಫೋನ್ ಆಪರೇಟರ್.
ಬಿಳಿ ಕೋಲು ಮಡಚಿ ಚೀಲಕ್ಕಿಟ್ಟು, ಕುರ್ಚಿ ತಡವಿ ಕೂತು
‘ನಿಮ್ಮದು ತೋರಿಸಿ’ ಅಂದರು.
ಕಂಪ್ಯೂಟರು ನನ್ನ ಪುಟವನ್ನು ಓದಿ ಹೇಳಿತು,
ಗೋಣಿ ಎಣಿಸುವ ಗುಮಾಸ್ತನ ದನಿಯಲ್ಲಿ:
ಚಿತ್ರ. ಚಿತ್ರ. ಹೆಸರಿಲ್ಲದ ಬಟನ್. ಚಿತ್ರ.

‘ಮದುವೆ ಬ್ಯಾಂಡ್ ಅಂದಿರಿ,
ಒಳಗೆ ಯಾರೂ ಇದ್ದಂತಿಲ್ಲ?’

ಬಣ್ಣ ನೋಡಿ, ಎನ್ನಲು ತೆರೆದ ಬಾಯನ್ನು
ಹಾಗೇ ಮುಚ್ಚಿದೆ. ಕೆಳಗೆ ಗಿರಣಿ ನಿಂತಿತು.
‘ಈ ಬಟನ್ ಏನು ಮಾಡುತ್ತೆ?’
‘ಬ್ಯಾಂಡ್ ಗೊತ್ತುಮಾಡೋದಕ್ಕೆ.’
‘ಹಾಗಂತ ಅದಕ್ಕೆ ಹೇಳಿದ್ದೀರಾ?’

ಚಿತ್ರದ ಬೆನ್ನಿಗೆ ಒಂದು ಸಾಲು ಬರೆಯುವ ಜಾಗವಿದೆ,
ಕಣ್ಣಿದ್ದವರಿಗೆ ಕಾಣದ ಜಾಗ. ಆ ರಾತ್ರಿ ಅಲ್ಲಿ ಕೂತೆ.
‘ಬ್ಯಾಂಡಿನವರು’ ಎಂದು ಬರೆದೆ. ಅಳಿಸಿದೆ.
‘ಕೆಂಪು ಕೋಟಿನ ಹದಿನಾಲ್ಕು ಮಂದಿ.’
ಕೆಂಪು ಅವರಿಗೆ ಗೊತ್ತೋ ಇಲ್ಲವೋ,
ಕೇಳಿರಲಿಲ್ಲ. ಇರಲಿ ಎಂದು ಬಿಟ್ಟೆ.
‘ಮುಂದಿನವನ ಕೆನ್ನೆ ಊದಿದೆ.
ಕೊನೆಯ ಸಾಲಿನ ಡೋಲಿನವ ಬೇರೆಲ್ಲೋ ನೋಡುತ್ತಿದ್ದಾನೆ.’
ಆ ಫೋಟೋ ಎಷ್ಟು ಸಲ ನೋಡಿದ್ದೆನೋ,
ಅವನು ಬೇರೆಲ್ಲೋ ನೋಡುವುದು
ಬರೆಯುವಾಗಲೇ ಕಂಡದ್ದು.

ಆಮೇಲೆ ನಂಬರು.
ನೆರಳಿಲ್ಲ, ಅಂಚಿಲ್ಲ, ಬರಿಯ ಕಪ್ಪು ಅಂಕಿ,
ಹೊಟ್ಟೆಯೇ ಇಲ್ಲದ 8.
ಒತ್ತುವಾಗ ಬೆರಳು ಸ್ವಲ್ಪ ಹಿಂಜರಿಯಿತು,
ಸುಳ್ಳು ಯಾಕೆ ಹೇಳಲಿ.

ಭಾನುವಾರ ಮಧ್ಯಾಹ್ನ ಬಬನ್ ಮಾಸ್ತರನ ಫೋನು:
‘ಯಾರೋ ಒಬ್ಬ ಮಾಡಿದ್ದನಪ್ಪ. ಬ್ಯಾಂಡೂ ಬೇಡವಂತೆ, ಮದುವೆಯೂ ಇಲ್ಲವಂತೆ.
ನಂಬರ್ ಸಿಕ್ಕಿತು ಅಂದ, ಇಟ್ಟುಬಿಟ್ಟ.
ಆಮೇಲೆ ಮತ್ತೆ ಮಾಡಿ ಕೇಳಿದ,
ಆ ಡೋಲಿನವ ಏನು ನೋಡ್ತಿದ್ದ ಅಂತ.
ಹುಚ್ಚನೇನೋ?’

‘ಅಲ್ಲ,’ ಅಂದೆ, ‘ಗಿರಾಕಿ.
ಡೋಲಿನವನನ್ನ ಕೇಳಿ ಹೇಳು.’