ಎಂದಿನ ಜಾಗ

ಹದಿನೈದು ಸಾವಿರ ಅಡಿ ಮೇಲೆ ಒಂದು ತಗಡಿನ ಕೊಠಡಿ.
ಮೇಜು. ಮೇಜಿನ ಮೇಲೆ ಎರಡು ಪುಟ್ಟ ಬಾವುಟ.
ಎರಡರ ಎತ್ತರವೂ ಒಂದೇ ಇದೆಯೇ ಎಂದು
ಅಡಿಕೋಲು ಹಿಡಿದು ಅಳೆಯುತ್ತಿದ್ದವನು ನಾನು,
ದುಭಾಷಿ, ಸುಬೇದಾರ್ ಕುಟ್ಟಯ್ಯ.

ನಮ್ಮ ಗಸ್ತು ಎಂದಿನ ಜಾಗದಲ್ಲೇ ಇತ್ತು, ಎಂದರು ಅವರು.
ನಮ್ಮದೂ ಎಂದಿನ ಜಾಗದಲ್ಲೇ, ಎಂದರು ಇವರು.
ಎಂದಿನ ಜಾಗ ಎರಡು,
ಬಂಡೆ ಒಂದೇ.

ಯಾರೂ ಯಾರಿಗೂ ಚಹಾ ಕೊಡುವಂತಿಲ್ಲ:
ಕೊಟ್ಟವನು ಮನೆಯವನಾಗುತ್ತಾನೆ, ಕುಡಿದವನು ನೆಂಟ.
ಅವರವರ ಫ್ಲಾಸ್ಕು ಅವರವರಿಗೆ.

ಒಂದು ಸಲ ಅವರ ಮೇಜರ್ ಆಡಿದ ಮಾತನ್ನು
ಬೆದರಿಕೆ ಎನ್ನಬಹುದಿತ್ತು, ಎಚ್ಚರಿಕೆಯೂ ಎನ್ನಬಹುದಿತ್ತು.
ಅಷ್ಟೆತ್ತರದಲ್ಲಿ ಉಸಿರು ಕಮ್ಮಿ.
ನಾನು ಸಣ್ಣ ಪದ ಹುಡುಕಿದೆ:
'ಕಾಳಜಿ' ಎಂದೆ.
ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ.

*

ಈಗ ವಿರಾಜಪೇಟೆಯ ಈಚೆ, ನಮ್ಮೂರ ದಿಣ್ಣೆಯ ಮೇಲೆ,
ಉತ್ತಯ್ಯನ ತೋಟಕ್ಕೂ ಪಳಂಗಪ್ಪನ ತೋಟಕ್ಕೂ ನಡುವೆ
ಎರಡಾಳು ಆಳದ ಕಡಂಗ.
ನಾಡಿಗೂ ನಾಡಿಗೂ ಜಗಳವಿದ್ದ ಕಾಲದಲ್ಲಿ ತೋಡಿದ್ದು.
ಯಾರಿಗೆ ಯಾರ ಭಯವಿತ್ತೋ ಮರೆತುಹೋಗಿದೆ,
ಮಣ್ಣಿಗೆ ಆಳ ಮಾತ್ರ ನೆನಪಿದೆ.

ಉತ್ತಯ್ಯ ಜೆಸಿಬಿ ತಂದು ಹತ್ತಡಿ ಮುಚ್ಚಿದ,
ಲಾರಿಗೆ ದಾರಿ ಬೇಕಂತೆ.
ಪಳಂಗಪ್ಪ ಮರುದಿನವೇ ಸೋಲಾರ್ ತಂತಿ ಎಳೆದ.
"ಇದು ಕೊಲ್ಲಲ್ಲ ಕುಟ್ಟಯ್ಯ, ನೆನಪಿಸ್ತದೆ ಅಷ್ಟೇ."
ಕಾಲೇಜಿನಲ್ಲಿ ಜನರಲ್‌ಗಳಿಗೆ ಪಾಠ ಹೇಳುವವರು
ಇದಕ್ಕೇ ನಲವತ್ತು ಪುಟ ತೆಗೆದುಕೊಳ್ಳುತ್ತಿದ್ದರು.

ರಾಜಿಗೆ ನನ್ನನ್ನು ಕರೆದರು.
ಯಾರ ಜಗಲಿಯಲ್ಲಿ ಕೂರುವುದು? ಅದೇ ಮೊದಲ ಜಗಳ.
ಕೊನೆಗೆ ಕಡಂಗದ ಆ ದಂಡೆಯಲ್ಲೊಬ್ಬ, ಈ ದಂಡೆಯಲ್ಲೊಬ್ಬ,
ಮುಚ್ಚಿದ ಹತ್ತಡಿಯ ಮೇಲೆ ನಾನು, ನನ್ನ ಫ್ಲಾಸ್ಕು.
ಇಬ್ಬರದೂ ಒಂದೇ ಭಾಷೆ. ಒಂದೇ ಶಾಲೆ.
ಆದರೂ ಮಾತೆಲ್ಲ ನನ್ನ ಮೂಲಕವೇ:
"ಅವನಿಗೆ ಹೇಳು", "ಅವನನ್ನು ಕೇಳು".
"ಅವನ ಅಪ್ಪನೂ ಕಳ್ಳನೇ ಅಂತ ಹೇಳು" ಎಂದ ಪಳಂಗಪ್ಪ,
ಎಂಟಡಿ ದೂರದ ಉತ್ತಯ್ಯನಿಗೆ ಚೆನ್ನಾಗಿ ಕೇಳುವ ಹಾಗೆ.
"ಹಳೆಯ ದಾಖಲೆ ನೋಡಬೇಕಂತೆ" ಎಂದೆ ನಾನು.
ಉತ್ತಯ್ಯ ಸ್ವಲ್ಪ ಹೊತ್ತು ಸುಮ್ಮನಿದ್ದ.
"ನೋಡಲಿ" ಎಂದ.

ಎರಡು ಮನೆಯಲ್ಲೂ ತೋಕು ಇದೆ.
ಮೂರು ದಿನಕ್ಕೆ ಕೈಲ್ ಪೊಳ್ದ್, ಕೋವಿ ತೊಳೆದು
ಬಾಯಿಗೆ ತೋಕ್‌ಪೂ ಮುಡಿಸಬೇಕು.
ಆ ಹೂವಿನ ಬಳ್ಳಿ ಈಗ ಬೇರೆಲ್ಲೂ ಉಳಿದಿಲ್ಲ,
ತೋಟಕ್ಕೆ ಹೊಡೆದ ಕಳೆಯ ಮದ್ದಿಗೆ ಸತ್ತಿದೆ.
ಕಡಂಗದೊಳಗೆ, ಯಾರೂ ಮದ್ದು ಹೊಡೆಯದ ಕಡೆ, ಇದೆ.

ನಾವಿನ್ನೂ ಎರಡನೆಯ ಅಂಶದಲ್ಲೇ ಇದ್ದಾಗ
ಆ ಕಡೆಯಿಂದ ಚೋಂದವ್ವ ಇಳಿದಳು, ಸೀರೆ ಮೇಲಕ್ಕೆ ಸಿಕ್ಕಿಸಿ.
ಈ ಕಡೆಯಿಂದ ಉತ್ತಯ್ಯನ ಸೊಸೆ, ಕೈಯಲ್ಲಿ ಕತ್ತಿ.
ಗಂಡಸರು ಬಗ್ಗಿ ನೋಡಿದರು.
ಕೆಳಗೆ ಏನೋ ಮಾತು, ಏನೋ ನಗು,
ಜಿಗಣೆ ಕಿತ್ತೆಸೆದ ಸದ್ದು.
ಎತ್ತರದ ಹೂವು ಸೊಸೆಗೆ ಎಟುಕಲಿಲ್ಲ,
ಚೋಂದವ್ವ ಕೊಂಬೆ ಬಗ್ಗಿಸಿ ಹಿಡಿದಳು.
ಕೊಯ್ದದ್ದರಲ್ಲಿ ಆರು ಅವಳಿಗೆ, ಐದು ಇವಳಿಗೆ.
ಯಾರೂ ಅಳೆಯಲಿಲ್ಲ.
ಎರಡು ಕೋವಿಯ ಬಾಯಿಗೂ ಒಂದೇ ಬಳ್ಳಿ.

ಕಾಫಿ ಬಗ್ಗಿಸಲು ಹೋದಾಗ ಫ್ಲಾಸ್ಕಿನ ಮುಚ್ಚಳ
ಕೈ ಜಾರಿ ಉರುಳುತ್ತಾ ಕೆಳಗೆ ಹೋಯಿತು.
ತಂದುಕೊಡಲೇ ಎಂದು ಇಬ್ಬರೂ ಒಟ್ಟಿಗೇ ಎದ್ದರು,
ಒಟ್ಟಿಗೇ ಕೂತರು.

ರಾಜಿ ಆಗಿಲ್ಲ. ಮುಂದಿನ ಭೇಟಿ ತುಲಾ ಸಂಕ್ರಮಣದ ಮೇಲೆ.
ಮುಚ್ಚಳ ಇನ್ನೂ ಅಲ್ಲೇ ಇದೆ,
ಎಂದಿನ ಜಾಗದಲ್ಲಿ.