ಎರಡನೇ ಭಾಗ

ಕಾನೋದಲ್ಲಿ ಮತ್ತೆ ಕರೆಂಟು ಹೋಗಿದೆ.
ಪಕ್ಕದವರ ಜನರೇಟರು ಕೆಮ್ಮಿ ಕೆಮ್ಮಿ
ಹೊಗೆಯನ್ನೆಲ್ಲ ಈಚೆಗೇ ಬಿಡುತ್ತದೆ.
ಅಸಾಬೆ ಮಗಳ ಲೆಕ್ಕದ ಪುಸ್ತಕ ತಿರುವಿ ಹಾಕಿ
ಹಿಂದಿನ ಹಾಳೆಯಿಂದ ಬರೆಯುತ್ತಿದ್ದಾಳೆ.
ನಾಯಕ ಇನ್ನೇನು ಬಾಗಿಲು ತಟ್ಟಬೇಕು,

ತಟ್ಟಿದ್ದು ಎದುರುಮನೆ ಹುಡುಗಿ. ಒಂದು ಹಿಡಿ ಉಪ್ಪು ಬೇಕಂತೆ.

ಮತ್ತೆ ಕೂತಳು. ಎಲ್ಲಿದ್ದ ಅವನು?
ಹೊಸಿಲಾಚೆಯೇ. ಪಾಪ, ಅತ್ತರು ಪೂಸಿಕೊಂಡು
ಇವಳ ಅಲಸಂದೆ ವಡೆ ಸೀಯುವ ತನಕ ನಿಂತೇ ಇದ್ದ.

ಪುಸ್ತಕದ ಬೆನ್ನಿಗೆ ಅವಳ ಫೋನ್ ನಂಬರು ಅಚ್ಚಾಗಿರುತ್ತದೆ.
ಯಾರುಯಾರೋ ಮಾಡುತ್ತಾರೆ.
ಜಾರಿಯಾದ ಹುಡುಗಿ: ‘ಮದುವೆ ಆಗುತ್ತೆ ತಾನೇ?’
ಲಾರಿಯವನೊಬ್ಬ: ‘ಅಂಥವಳು ಯಾವ ಊರಲ್ಲಿ ಸಿಕ್ತಾಳೆ?’
ನಿನ್ನೆ ನಡುರಾತ್ರಿಯ ದನಿ ಹೆಸರು ಹೇಳಲಿಲ್ಲ.
‘ಎರಡನೇ ಭಾಗದಲ್ಲಿ ಅವನನ್ನು ಕ್ಷಮಿಸೋದು ಬೇಡ.
ನಾನು ಕ್ಷಮಿಸಿ ನೋಡಿದ್ದೀನಿ.’
ಅಷ್ಟೇ. ಕಟ್ಟಾಯಿತು.

ಗುರುವಾರಕ್ಕೆ ಪ್ರೆಸ್ಸಿಗೆ ಕೊಡಬೇಕು.
ಸಾಬೋನ್ ಗರಿಯ ಅಂಗಡಿ ಗಂಬೋ ಮುಂಗಡ ಕೊಟ್ಟಿದ್ದು
ಮದುವೆ ಊಟದ ಕೊನೆಗೆ;
ಅದರಲ್ಲೇ ಮಗಳ ಫೀಸು ಕಟ್ಟಿಯಾಗಿದೆ.

ಅಸಾಬೆ ಪೆನ್ನಿನ ತುದಿ ಕಚ್ಚುತ್ತಾಳೆ.
ನಾಯಕ ಬಾಗಿಲು ತಟ್ಟುತ್ತಾನೆ.
ಒಳಗೆ ಬಟ್ಟೆ ಮಡಿಸುತ್ತಿದ್ದವಳು
ಇನ್ನೊಂದು ಬಟ್ಟೆ ಎತ್ತಿಕೊಳ್ಳುತ್ತಾಳೆ.